ಹಡಗು ದೊಡ್ಡದಾದರೆ ಜಾಗವೂ ಜಾಸ್ತಿಯೇ?

ಸಮುದ್ರದಲ್ಲಿ ಪ್ರವಾಸ ಮಾಡಿಸುವ ದೊಡ್ಡ ಹಡಗಿಗೆ ಕ್ರೂಸ್ ಹಡಗು ಅಂತಾರೆ. ಅದರಲ್ಲಿ ಒಬ್ಬೊಬ್ಬರಿಗೆ ಎಷ್ಟು ಜಾಗ ಸಿಗುತ್ತೆ ಅಂತ ತಿಳಿಯೋಕೆ ಒಂದು ಸುಲಭ ಭಾಗಾಕಾರ ಇದೆ. ಹಡಗಿನ ಗ್ರಾಸ್ ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಬೇಕು. ಟನ್ನೇಜ್ ಅಂದ್ರೆ ತೂಕ ಅಂದುಕೊಳ್ಳಬೇಡಿ. ಅದು ಹಡಗಿನ ಒಳಗಿನ ಮುಚ್ಚಿದ ಜಾಗದ ಗಾತ್ರದಿಂದ ಬರುವ ಲೆಕ್ಕ.

2024ರಲ್ಲಿ ಪ್ರಯಾಣ ಶುರು ಮಾಡಿದ 'ಐಕಾನ್ ಆಫ್ ದ ಸೀಸ್' ಹಡಗಿನ ಟನ್ನೇಜ್ ಸುಮಾರು 2,48,000. ಕೋಣೆಗೆ ಇಬ್ಬರಂತೆ 5,610 ಜನ. ಭಾಗಿಸಿದರೆ 44 ಬರುತ್ತೆ. 2016ರ 'ಸೆವೆನ್ ಸೀಸ್ ಎಕ್ಸ್‌ಪ್ಲೋರರ್' ಹಡಗಿನದು ಸುಮಾರು 55,000 ಮಾತ್ರ. ಆದರೆ ಜನ ಬರೀ 750. ಭಾಗಿಸಿದರೆ 73! ಸಣ್ಣ ಹಡಗಿನಲ್ಲೇ ಜಾಗ ಜಾಸ್ತಿ. ಐಕಾನಿನಲ್ಲಿ ಹೆಚ್ಚುವರಿ ಹಾಸಿಗೆಗಳೂ ತುಂಬಿ 7,600 ಜನ ಆದರೆ, 44 ಇದ್ದದ್ದು 33ಕ್ಕೆ ಇಳಿಯುತ್ತೆ. ಬೆಂಚು ಅದೇ, ಕೂರುವವರು ಜಾಸ್ತಿ, ಅಷ್ಟೇ.

ಸೇವೆಗೂ ಹೀಗೇ ಲೆಕ್ಕ. ಐಕಾನಿನಲ್ಲಿ ಸಿಬ್ಬಂದಿ ಸುಮಾರು 2,350. ಅಂದರೆ 10 ಪ್ರಯಾಣಿಕರಿಗೆ ನಾಲ್ಕು ಜನ. ಎಕ್ಸ್‌ಪ್ಲೋರರಿನಲ್ಲಿ ಸುಮಾರು 550, ಅಂದರೆ 10ಕ್ಕೆ ಏಳು ಜನ. ಇದರಲ್ಲಿ ಊಟ ಬಡಿಸುವವರು ಮಾತ್ರ ಅಲ್ಲ, ಅಡುಗೆಯವರು, ಬಟ್ಟೆ ಒಗೆಯುವವರು, ಇಂಜಿನ್ ನೋಡುವವರೂ ಸೇರಿದ್ದಾರೆ.

ಈ ಸಂಖ್ಯೆ ಪ್ರಯಾಣಿಕರ ಸುಖವನ್ನು ತೋರಿಸುತ್ತೆ ಅಂತಾರೆ. ನನಗೆ ಅನ್ನಿಸೋದು, ಅದು ಕೆಲಸದವರ ಹೊರೆಯನ್ನೂ ತೋರಿಸುತ್ತೆ. ಮಂಗಳೂರು ಕಡೆಯಿಂದಲೂ ಇಂಥ ಕೆಲಸಕ್ಕೆ ಹೋಗ್ತಾರೆ. ಟಿಕೆಟ್ ಕೊಳ್ಳೋರು ಮಾತ್ರವಲ್ಲ, ಕೆಲಸಕ್ಕೆ ಸೇರೋರೂ ಈ ಭಾಗಾಕಾರ ಮಾಡಿ ನೋಡೋದು ಒಳ್ಳೇದು.