ಒದ್ದೆ ವಸ್ತ್ರ ಆರುವ ತನಕ: ಗದಗ ಸೀಮೆಯ ಋತುಪ್ರಜ್ಞೆ ಮತ್ತು ದಿನಗವನ

ದಿನಕ್ಕೊಂದು ಕಿರುಗವಿತೆಯನ್ನು ಬರೆಯುತ್ತ, ಆ ನೆಪದಲ್ಲಿ ಸುತ್ತಲಿನ ಋತುಮಾನವನ್ನು ಎಚ್ಚರದಿಂದ ಗಮನಿಸುವ ಅಭ್ಯಾಸವು ಜಪಾನಿನ ಹಾಯ್ಕುವಿನ ಮೂಲಕ ಇಂದು ಜಗತ್ತಿನ ಅನೇಕ ಭಾಷೆಗಳಿಗೆ ಪರಿಚಿತವಾಗಿದೆ. ಕನ್ನಡದಲ್ಲಿಯೂ ಹಾಯ್ಕುಗಳು ರಚನೆಯಾಗುತ್ತಿವೆ. ಆದರೆ ಅವುಗಳಲ್ಲಿ ಬಹುಪಾಲು ಅಕ್ಷರಗಳ ಎಣಿಕೆಯನ್ನು ಅನುಸರಿಸಿದಷ್ಟು ನಿಷ್ಠೆಯಿಂದ ಋತುವನ್ನು ಅನುಸರಿಸುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಗಳನ್ನೊಳಗೊಂಡ ಸೀಮೆಯಲ್ಲಿ ನಿತ್ಯದ ಪದ್ಯರಚನೆಗೂ ಕಾಲಮಾನದ ಅರಿವಿಗೂ ಇದ್ದ ಸಂಬಂಧವೇನು, ಆ ಸಂಬಂಧದ ಬಲದಿಂದ ಇಂದು ಇಂಥ ಅಭ್ಯಾಸವನ್ನು ಹೇಗೆ ಕೈಗೊಳ್ಳಬಹುದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಗದುಗಿನ ವೀರನಾರಾಯಣ ದೇವಾಲಯದಿಂದಲೇ ತೊಡಗಬೇಕಾಗುತ್ತದೆ. ಕುಮಾರವ್ಯಾಸನು ಅಲ್ಲಿ ಕುಳಿತು ಭಾರತವನ್ನು ರಚಿಸಿದನೆಂದು ಹೇಳುವ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಐತಿಹ್ಯದ ಪ್ರಕಾರ ಕವಿಯು ಪ್ರತಿದಿನ ಸ್ನಾನ ಮಾಡಿ, ಒದ್ದೆ ವಸ್ತ್ರದಲ್ಲಿಯೇ ಬಂದು ಆ ಕಂಬಕ್ಕೆ ಒರಗಿ ಕುಳಿತು ಪದ್ಯಗಳನ್ನು ಹೇಳುತ್ತಿದ್ದನು. ಮೈಮೇಲಿನ ವಸ್ತ್ರ ಆರಿತೆಂದರೆ ಅಂದಿನ ರಚನೆ ಅಲ್ಲಿಗೆ ನಿಲ್ಲುತ್ತಿತ್ತು. ಈ ಕಥೆಯನ್ನು ಭಕ್ತಿಯ ಮಹಿಮೆಯಾಗಿ ಹೇಳುವುದು ವಾಡಿಕೆ. ಐತಿಹಾಸಿಕ ಸತ್ಯವೆಂದು ಇದನ್ನು ಸಾಧಿಸುವ ಅಗತ್ಯವಿಲ್ಲ. ಜನಮನವು ಕಾವ್ಯದ ನಿತ್ಯನೇಮವನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದಕ್ಕೆ ಇದೊಂದು ಸಾಕ್ಷಿಯಾಗಿ ಉಳಿದಿದೆ, ಅಷ್ಟು ಸಾಕು.

ಈ ಕಥೆಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಅಂಶವಿದೆ. ವಸ್ತ್ರ ಆರುವ ಅವಧಿ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಗದುಗಿನ ಗಾಳಿ ಅದನ್ನು ಅರೆಗಳಿಗೆಯಲ್ಲಿ ಆರಿಸಿಬಿಡುತ್ತದೆ. ಶ್ರಾವಣದ ಜಿಟಿಜಿಟಿಯಲ್ಲಿ ಅದು ಮಧ್ಯಾಹ್ನದವರೆಗೂ ಹಸಿಯಾಗಿಯೇ ಇದ್ದೀತು. ಹಾಗಾದರೆ ಕಥೆಯನ್ನು ನಂಬುವವರು ಬೇಸಿಗೆಯ ದಿನಗಳಲ್ಲಿ ಕವಿಗೆ ಕೆಲವೇ ಷಟ್ಪದಿಗಳು, ಮಳೆಗಾಲದಲ್ಲಿ ಹಲವು ಷಟ್ಪದಿಗಳು ದೊರೆತವೆಂದು ಒಪ್ಪಬೇಕಾಗುತ್ತದೆ. ಒಂದು ಭಾಮಿನಿ ಷಟ್ಪದಿಯಲ್ಲಿ 102 ಮಾತ್ರೆಗಳಿವೆ. ಒಂದೇ ಉಸಿರಿನ ಓಟದಲ್ಲಿ ಮನಸ್ಸಿನಲ್ಲಿ ಹಿಡಿದಿಡಬಹುದಾದ ಗಾತ್ರವದು. ಕರಡು ಬರೆದು ಅಳಿಸಿ ತಿದ್ದುವ ರೂಢಿ ತನಗಿಲ್ಲವೆಂದು ಕವಿಯೇ ಪೀಠಿಕೆಯಲ್ಲಿ ಹೇಳಿಕೊಂಡಿರುವುದನ್ನೂ ಇದರೊಡನೆ ಇಟ್ಟು ನೋಡಬೇಕು. ಹತ್ತು ಪರ್ವಗಳ ಮಹಾಕಾವ್ಯವನ್ನು ದಿನಗವನವೆಂದು ಕರೆಯುವುದು ಅತಿಯಾದೀತು. ಆದರೂ ದಿನದ ರಚನೆಗೆ ಮಿತಿಯನ್ನು ಹಾಕುವುದು ಕವಿಯ ಉತ್ಸಾಹವಾಗಿರದೆ ಅಂದಿನ ಹವೆಯಾಗಿತ್ತು ಎಂಬ ಈ ಕಲ್ಪನೆಗಿಂತ ಒಳ್ಳೆಯ ನಿಯಮವನ್ನು ಯಾವ ಹಾಯ್ಕು ಕೈಪಿಡಿಯೂ ಕೊಟ್ಟಂತಿಲ್ಲ. ಬೆಟಗೇರಿಯ ನೇಕಾರರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ನೂಲಿಗೆ ಹಚ್ಚಿದ ಗಂಜಿ ಒಣಗುವುದರ ಮೇಲೆ ಮಗ್ಗದ ದಿನಚರಿ ನಿಂತಿರುತ್ತಿದ್ದುದರಿಂದ ಮೋಡ ಮುಸುಕಿದ ದಿನವೆಂದರೇನೆಂಬುದು ಅವರ ಕೈಗೇ ಗೊತ್ತಿತ್ತು.

ಇನ್ನು ನಿಜವಾದ ಅರ್ಥದಲ್ಲಿ ದಿನವೂ ಹುಟ್ಟುತ್ತಿದ್ದ ಕಿರುಪದ್ಯವೆಂದರೆ ಬೀಸುವ ಪದ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹೆಣ್ಣುಮಕ್ಕಳು ಹಾಡುತ್ತಿದ್ದ ಈ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನದ ಮೂಲಕ ವಿದ್ವತ್ ಲೋಕದ ಮುಂದಿಟ್ಟರು. ತ್ರಿಪದಿಯು ಹನ್ನೊಂದು ಅಂಶಗಣಗಳ, ಮೂರು ಸಾಲಿನ ಬಂಧ. ಸುಮಾರು 700ರ ಕಾಲದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಸರ್ವಜ್ಞನವರೆಗೆ ಅದರ ಇತಿಹಾಸ ಹರಿದಿದೆ. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹೇಳಿ ಮೂರನೆಯದಕ್ಕೆ ಹೋಗುವುದು ಕ್ರಮ. ಆ ಮರುಕಳಿಕೆಯ ಬಿಡುವಿನಲ್ಲಿಯೇ ಮುಂದಿನ ಸಾಲು ಹೊಳೆಯುತ್ತಿದ್ದಿರಬೇಕು. ಹಿಟ್ಟಿನ ಗಿರಣಿ ಊರೂರಿಗೆ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಕಲ್ಲಿನೊಡನೆ ಪದವೂ ಸುಮ್ಮನಾಯಿತು. ಕೆಲಸವೊಂದಕ್ಕೆ ಕಟ್ಟಿದ ಕಾವ್ಯ ಆ ಕೆಲಸ ಹೋದರೆ ತಾನೂ ಹೋಗುತ್ತದೆ. ದಿನಗವನದ ಅಭ್ಯಾಸವನ್ನು ಹೊಸದಾಗಿ ಕೈಗೊಳ್ಳಬಯಸುವವರು ಇದನ್ನು ಮೊದಲು ಮನಗಾಣಬೇಕು. ಬಿಡುವಾದಾಗ ಬರೆಯುತ್ತೇನೆಂದು ಹೊರಟವರ ಪುಸ್ತಕ ಹದಿನೈದು ದಿನಗಳಲ್ಲಿ ಬಿಳಿಯ ಹಾಳೆಗಳಿಗೆ ಬಂದು ನಿಲ್ಲುತ್ತದೆ; ಬಾಗಿಲಿಗೆ ನೀರು ಹಾಕುವುದು, ಹೊಲಕ್ಕೆ ಹೋಗುವ ದಾರಿ, ಬಸ್ಸಿಗೆ ಕಾಯುವ ಹೊತ್ತು ಎಂದು ನಿತ್ಯದ ಯಾವುದಾದರೊಂದು ಕೆಲಸಕ್ಕೆ ಅದನ್ನು ಗಂಟು ಹಾಕಿದರೆ ಮಾತ್ರ ಉಳಿದೀತು.

ಹಾಯ್ಕುವಿನ ಜೀವಾಳ ‘ಕಿಗೊ’ ಎಂಬ ಋತುಸೂಚಕ ಪದ. ಅಂಥ ಪದಗಳನ್ನು ಋತುವಾರು ಜೋಡಿಸಿದ ‘ಸೈಜಿಕಿ’ ಎಂಬ ಕೋಶಗಳು ಜಪಾನಿನಲ್ಲಿವೆ. ವರ್ಷವನ್ನು ಸುಮಾರು ಐದೈದು ದಿನಗಳ 72 ತುಣುಕುಗಳಾಗಿ ಒಡೆಯುವ ಪಂಚಾಂಗವೂ ಅಲ್ಲಿತ್ತು. ನಮ್ಮ ಮಹಾಕಾವ್ಯಗಳು ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೆ ಸ್ಥಾನ ಕೊಟ್ಟಿವೆ. ಅವುಗಳ ಮಾವು, ಕೋಗಿಲೆ, ಮಲಯಮಾರುತಗಳು ಮಾತ್ರ ಯಾವ ಊರಿನವೂ ಆಗಬಹುದು, ಆದ್ದರಿಂದ ಯಾವ ಊರಿನವೂ ಅಲ್ಲ. ನಮ್ಮ ನಿಜವಾದ ಸೈಜಿಕಿ ಇರುವುದು ಮಳೆಯ ನಕ್ಷತ್ರಗಳಲ್ಲಿ. ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿಯೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ ಕೊನೆಯ ವಾರದ ರೋಹಿಣಿ, ಜೂನ್ ಎರಡನೆಯ ವಾರದ ಮೃಗಶಿರ ಅಥವಾ ಜನರ ಬಾಯಲ್ಲಿನ ಮಿರಗ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಆಗಸ್ಟ್ ಮುಗಿಯುತ್ತಲೇ ಹುಬ್ಬಿ, ಸಪ್ಟೆಂಬರಿನ ಉತ್ತರಿ, ಅದರ ಹಿಂದೆ ಹಸ್ತ, ಚಿತ್ತಿ, ಸ್ವಾತಿ. ಒಂದೊಂದು ಹೆಸರಿಗೂ ಈ ಸೀಮೆಯ ಒಕ್ಕಲಿಗನ ಕಿವಿಯಲ್ಲಿ ಬೇರೆ ಬೇರೆ ಕೆಲಸ, ಬೇರೆ ಬೇರೆ ಭಯ ಅಂಟಿಕೊಂಡಿದೆ. ಮುಂಗಾರಿಯ ಹೆಸರು ಮಿರಗದ ಹದವನ್ನು ಕಾಯುತ್ತದೆ. ಎರೆಭೂಮಿಯ ಜೋಳ, ಕಡಲೆಗಳ ಹಣೆಬರಹ ಉತ್ತರಿಯಿಂದ ಚಿತ್ತಿಯವರೆಗಿನ ಹಿಂಗಾರಿಯ ಕೈಯಲ್ಲಿದೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿಯೇ ತೃಪ್ತಿಪಡಬೇಕಾದ ನಾಡಿನಲ್ಲಿ ಮಳೆಯ ಹೆಸರುಗಳು ಅಲಂಕಾರವಾಗಿ ಹುಟ್ಟಿದವುಗಳಲ್ಲ.

ಇದೇ ಅವಧಿಗೆ ಹೊಂದಿಕೊಂಡಂತೆ ಮಣ್ಣಿನ ಪೂಜೆಗಳ ಸಾಲೊಂದಿದೆ: ಮಣ್ಣೆತ್ತಿನ ಅಮವಾಸ್ಯೆ, ಆಷಾಢದ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ, ಕೊನೆಗೆ ಬುಟ್ಟಿಯಲ್ಲಿ ಮನೆಮನೆಗೆ ಬರುವ ಏಳು ದಿನದ ಬಾಳಿನ ಜೋಕುಮಾರ. ಹಸಿಮಣ್ಣು ಕೈಗೆ ಸಿಗುವ ಕಾಲದಲ್ಲಿ ಮಣ್ಣಿನ ದೇವರು. ಚಳಿಗಾಲಕ್ಕೆ ಸೀತನಿ, ಎಳ್ಳಮವಾಸ್ಯೆಯ ಚರಗ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ನವೆಂಬರಿನ ಹೊತ್ತಿಗೆ ಬಂದು ಬೇಸಿಗೆಯ ಮೊದಲು ಮರಳುವ ಪಟ್ಟೆತಲೆಯ ಹೆಬ್ಬಾತುಗಳನ್ನು ಈ ಪಟ್ಟಿಗೆ ಸೇರಿಸಲೇಬೇಕು. 2024ರಲ್ಲಿ ಆ ಕೆರೆಯು ರಾಮ್ಸಾರ್ ತಾಣವಾಗಿ ಘೋಷಿತವಾಯಿತು. ಕನ್ನಡ ಕಾವ್ಯವು ಆ ಹಕ್ಕಿಗಳನ್ನು ಇನ್ನೂ ಸರಿಯಾಗಿ ಬರಮಾಡಿಕೊಂಡಿಲ್ಲ. ಮುಂಡರಗಿಯ ಕಡೆಯಿಂದ ನೋಡುವವರಿಗೆ 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡವೇ ದೊಡ್ಡ ಪಂಚಾಂಗ. ಮೊದಲ ಮಳೆಗೆ ಅದು ಹಸಿರೇರುವ ದಿನ, ಮಾಘದಲ್ಲಿ ಅದರ ಹುಲ್ಲು ಬೆಳ್ಳಗಾಗುವ ದಿನ, ಇವನ್ನು ಬರೆದಿಟ್ಟವರು ಎಷ್ಟು ಜನ?

ಬರವಣಿಗೆಯ ವಿಧಾನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ತಲೆಬರಹದ ಸ್ಥಾನದಲ್ಲಿ ತಾರೀಖು ಮತ್ತು ಮಳೆಯ ನಕ್ಷತ್ರ. ಕೆಳಗೆ ಮೂರು ಅಥವಾ ನಾಲ್ಕು ಸಾಲು. ಅಂದು ಕಣ್ಣಿಗೆ, ಕಿವಿಗೆ, ಮೂಗಿಗೆ ಬಿದ್ದ ಒಂದೇ ಒಂದು ಸಂಗತಿ. ಉಪಮೆ ತಾನಾಗಿ ಬಂದರೆ ಬರಲಿ, ಅದನ್ನು ಹುಡುಕಬಾರದು. ಮಾದರಿಗಾಗಿ ಇಲ್ಲಿ ಕಟ್ಟಿದ ಮೂರು ಸಾಲು ಹೀಗಿದೆ:

ಹುಬ್ಬಿ ಮಳೆ ಹೊಳವಾಯಿತು;
ಎರೆಹೊಲದ ಎತ್ತಿನ ಹೆಜ್ಜೆಯೊಳಗೆ
ನಿಂತ ನೀರು, ಅದರಲ್ಲೊಂದು ಮುಗಿಲು.

ಇದು ದೊಡ್ಡ ಕಾವ್ಯವೇನಲ್ಲ. ಆದರೆ ‘ಸುಂದರವಾದ ಸಂಜೆ’ ಎಂದು ಬರೆದಿದ್ದರೆ ಸಿಗದ ಮೂರು ಮಾಹಿತಿಗಳು ಇದರಲ್ಲಿವೆ: ಯಾವ ಮಳೆ, ಯಾವ ನೆಲ, ಎಷ್ಟು ಹಸಿ. ಹರಗುವುದು, ಎಡೆ ಹೊಡೆಯುವುದು, ಮಸಾರಿ, ಹೊಳವು ಮುಂತಾದ ಪದಗಳು ಇಂಥ ಬರವಣಿಗೆಯಲ್ಲಿ ತಾವಾಗಿ ಮರಳಿ ಬರುತ್ತವೆ. ತನ್ನ ಕಾವ್ಯ ಪುಲಿಗೆರೆಯ ತಿರುಳ್ಗನ್ನಡದ್ದೆಂದು ಪಂಪನು 10ನೆಯ ಶತಮಾನದಲ್ಲಿ ಹೆಮ್ಮೆಪಟ್ಟನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿನ ಮಕ್ಕಳು ಋತುಗಳನ್ನು ಪಠ್ಯಪುಸ್ತಕದ ಆರು ಹೆಸರುಗಳಲ್ಲಿ ಮಾತ್ರ ಬಲ್ಲವರಾದರೆ ತಿರುಳಿನ ಮಾತು ಶಾಸನಗಳಿಗಷ್ಟೇ ಮೀಸಲಾದೀತು. ಗದಗ ತಾಲೂಕಿನ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಚೆನ್ನವೀರ ಕಣವಿಯವರು ‘ಮಣ್ಣಿನ ಮೆರವಣಿಗೆ’, ‘ನೆಲ ಮುಗಿಲು’ ಎಂದು ತಮ್ಮ ಸಂಕಲನಗಳಿಗೆ ಹೆಸರಿಟ್ಟರು. ಈ ಸೀಮೆಯವರು ದಿನವೂ ನೋಡುವ ಎರಡೇ ವಸ್ತುಗಳು ಆ ಹೆಸರುಗಳಲ್ಲಿ ಸೇರಿವೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ನಕ್ಷತ್ರದ ಹೆಸರು ಬಂದ ಮಾತ್ರಕ್ಕೆ ಮಳೆ ಬಂದಿರುವುದಿಲ್ಲ. ನಾಕ್ಷತ್ರಿಕ ವರ್ಷವು ಋತುವರ್ಷಕ್ಕಿಂತ ತುಸು ದೀರ್ಘವಾದುದರಿಂದ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರಗಳು ಋತುವಿನಿಂದ ಹಿಂದೆ ಬೀಳುತ್ತವೆ. ಕುಮಾರವ್ಯಾಸನ ಕಾಲಕ್ಕೂ ನಮ್ಮ ಕಾಲಕ್ಕೂ ಸುಮಾರು ಎಂಟು ದಿನಗಳ ಅಂತರವಾಯಿತು. ಅದಕ್ಕಿಂತ ದೊಡ್ಡದು ವರ್ಷದಿಂದ ವರ್ಷಕ್ಕೆ ಮಳೆಯೇ ತೋರುವ ಏರುಪೇರು. ಮಿರಗ ಒಣಗಿ ಹೋದ ವರ್ಷದಲ್ಲಿ, ರೂಢಿಯ ಮೇರೆಗೆ ಮಿರಗದ ಮಳೆಯನ್ನು ಹಾಡಿದವನ ಪದ್ಯ ಸುಳ್ಳಾಗುತ್ತದೆ. ‘ಮಿರಗ, ಐದನೆಯ ದಿನ, ಧೂಳು’ ಎಂದಷ್ಟೇ ಬರೆದವನದು ನಿಲ್ಲುತ್ತದೆ. ಹತ್ತು ವರ್ಷ ಹೀಗೆ ಬರೆದಿಟ್ಟ ಒಂದು ಪುಸ್ತಕ ಊರಿಗೊಂದು ಇದ್ದರೆ, ಅದನ್ನು ಕವಿಗಳಷ್ಟೇ ಅಲ್ಲದೆ ಕೃಷಿ ಸಂಶೋಧಕರೂ ಕೇಳಿ ಪಡೆದಾರು.

ಬರೆಯತೊಡಗಲು ಯುಗಾದಿಯನ್ನು ಕಾಯಬೇಕೆಂದಿಲ್ಲ. ಈ ಕಡೆ ಮಳೆಯ ಲೆಕ್ಕ ರೋಹಿಣಿಯಿಂದ ಆರಂಭವಾಗುತ್ತದೆ. ಮೇ 25ರ ಸುಮಾರಿಗೆ, ಹರಗಿ ಬಿಟ್ಟ ಹೊಲ ಇನ್ನೂ ಬರಿದಾಗಿಯೇ ಇರುವಾಗ, ಮೊದಲ ಪುಟವನ್ನು ತೆರೆಯಬಹುದು.