ನೀರಿನಲ್ಲಿ ಕಾಣೆಯಾದವರ ಶೋಧ: ಪ್ರಶ್ನಾವಳಿಯ ರಚನೆ

ನೀರಿನಲ್ಲಿ ಕಾಣೆಯಾದವರನ್ನು ಎಲ್ಲಿ ಹುಡುಕಬೇಕೆಂದು ನಿರ್ಧರಿಸಲು ಹಿಂದಿನ ಘಟನೆಗಳ ವಿವರವೇ ಮುಖ್ಯ ಆಧಾರ. ಕೊನೆಯದಾಗಿ ಕಂಡ ಸ್ಥಳಕ್ಕೂ ದೊರೆತ ಸ್ಥಳಕ್ಕೂ ಇರುವ ದೂರವೆಷ್ಟು, ನಡುವೆ ಸಂದ ಕಾಲವೆಷ್ಟು ಎಂಬ ಎರಡು ಪ್ರಶ್ನೆಗಳ ಸುತ್ತ ನಾವು ಪ್ರಶ್ನಾವಳಿಯನ್ನು ಕಟ್ಟಬೇಕಾಗುತ್ತದೆ. ಇವು ತೋರುವಷ್ಟು ಸರಳವಲ್ಲ. ಕೊನೆಯ ಸ್ಥಳವು ಕಣ್ಣಾರೆ ಕಂಡದ್ದೋ, ದಡದ ಮೇಲಿನ ಬಟ್ಟೆ ಚಪ್ಪಲಿಗಳಿಂದ ಊಹಿಸಿದ್ದೋ ಎಂಬುದನ್ನು ಬೇರ್ಪಡಿಸಬೇಕು. ದೂರವನ್ನು ನದಿಯ ತಿರುವುಗಳನ್ನು ಅನುಸರಿಸಿ ಅಳೆಯಬೇಕು. ಮುಳುಗಿದ ದೇಹ ಸಾಮಾನ್ಯವಾಗಿ ಮೊದಲು ತಳ ಸೇರಿ, ಕೊಳೆಯುವಿಕೆಯ ಅನಿಲ ತುಂಬಿದ ಬಳಿಕ ಮೇಲೇಳುತ್ತದೆ. ನೀರು ತಣ್ಣಗಿದ್ದಷ್ಟೂ ತೇಲುವುದು ತಡ. ಆದಕಾರಣ ದೇಹವು ತಳದಲ್ಲಿ ದೊರೆಯಿತೇ, ತೇಲುತ್ತಿತ್ತೇ, ಬೇರು ಬಂಡೆಗಳಿಗೆ ಸಿಕ್ಕಿಕೊಂಡಿತ್ತೇ ಎಂದು ಕೇಳದಿದ್ದರೆ ದೂರದ ಅಂಕಿಗೆ ಅರ್ಥವಿರದು.

ವಾಹನದೊಳಗೆ ಸಿಲುಕಿದವರ ವಿಷಯವೇ ಬೇರೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಪಾಲಾದ ಲಾರಿಯು 71 ದಿನಗಳ ತರುವಾಯ, ಸೆಪ್ಟೆಂಬರ್ 25ರಂದು, ನದಿಯಲ್ಲಿ ದೊರೆಯಿತು. ಚಾಲಕನ ದೇಹ ಅದರಲ್ಲಿಯೇ ಇತ್ತು. ಇಂಥ ಪ್ರಕರಣಗಳನ್ನು ಈಜಲು ಹೋದವರ ಪ್ರಕರಣಗಳೊಡನೆ ಸೇರಿಸಿ ಸರಾಸರಿ ತೆಗೆಯುವುದು ಸಲ್ಲದು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಒಂದು ವಿಶೇಷ ಹೊಣೆಯಿದೆ. ಭೀಮಾ ನದಿ ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳ ನಡುವೆ ಕೆಲವೆಡೆ ಗಡಿಯಾಗಿಯೇ ಹರಿಯುತ್ತದೆ. ಒಂದು ದಡದಲ್ಲಿ ಕಾಣೆಯಾದವರು ಮತ್ತೊಂದು ದಡದಲ್ಲಿ ದೊರೆತರೆ, ಕಾಣೆಯಾದ ದೂರು ಮರಾಠಿಯಲ್ಲಿ, ಮರಣದ ದಾಖಲೆ ಕನ್ನಡದಲ್ಲಿ ಇರಬಹುದು. ಮಹಾರಾಷ್ಟ್ರದ ಪೊಲೀಸರು 'ಅಕಸ್ಮಾತ್ ಮೃತ್ಯು' ಎಂದು ದಾಖಲಿಸುವುದನ್ನು ನಮ್ಮಲ್ಲಿ 'ಅಸ್ವಾಭಾವಿಕ ಮರಣ' ಎನ್ನುತ್ತಾರೆ. ಎರಡೂ ಠಾಣೆಗಳ ದಾಖಲೆಯನ್ನು ಒಂದೇ ನಮೂನೆಯಲ್ಲಿ ಜೋಡಿಸಲು ಅವಕಾಶವಿರಬೇಕು.

ಪ್ರಶ್ನೆಯ ಭಾಷೆಯೂ ಮಹತ್ವದ್ದು. ಮೀನುಗಾರರನ್ನು ಮೀಟರುಗಳಲ್ಲಿ ಆಳ ಕೇಳಿದರೆ ಅಂದಾಜಿನ ಅಂಕಿ ದೊರೆತೀತು. 'ಎಷ್ಟು ಆಳು ನೀರು' ಎಂದರೆ ನಂಬಬಹುದಾದ ಉತ್ತರ ಬರುತ್ತದೆ. ಮಡು, ಸುಳಿ, ಸೆಳವು ಎಂಬ ಮಾತುಗಳನ್ನು ಹೇಳಿದಂತೆಯೇ ಬರೆದುಕೊಂಡು, ನಮ್ಮ ಪರಿವರ್ತನೆಯನ್ನು ಪಕ್ಕದ ಅಂಕಣದಲ್ಲಿ ನಮೂದಿಸುವುದು ಲೇಸು. 'ದೀಪ ಹಚ್ಚುವ ಹೊತ್ತು' ಎಂಬುದನ್ನು ಕೂಡಲೇ ಗಂಟೆಗೆ ಇಳಿಸುವ ಆತುರ ಬೇಡ.

ಬಿದ್ದರೋ, ತಾವೇ ಹಾರಿದರೋ ಎಂಬ ಪ್ರಶ್ನೆಯನ್ನು ಮನೆಯವರ ಮುಂದಿಡುವುದು ನಮಗೆ ಸರಿಯೆನಿಸದು. ಅದನ್ನು ದಾಖಲೆಯಿಂದಲೇ ತುಂಬಿಕೊಳ್ಳಬೇಕು. ಇನ್ನು ದೊರೆಯದೇ ಉಳಿದವರ ನಮೂನೆಗಳನ್ನು ಅಪೂರ್ಣವೆಂದು ತೆಗೆದುಹಾಕುವ ರೂಢಿಯಿದೆ. ಹಾಗೆ ಮಾಡಿದರೆ ಬೇಗ ಸಿಕ್ಕವರ, ಹತ್ತಿರ ಸಿಕ್ಕವರ ಲೆಕ್ಕ ಮಾತ್ರ ಉಳಿದು, ಮುಂದಿನ ಶೋಧವೂ ಅಷ್ಟೇ ದೂರಕ್ಕೆ ನಿಂತುಹೋಗುತ್ತದೆ. ಅವುಗಳಲ್ಲಿ ಎಲ್ಲೆಲ್ಲಿ, ಎಷ್ಟು ದಿನ ಹುಡುಕಲಾಯಿತೆಂಬುದನ್ನು ಬರೆದು, ದೊರೆತ ದಿನಾಂಕದ ಅಂಕಣವನ್ನು ತೆರೆದೇ ಇಡಬೇಕು.