ಲೀಟರಿಗೆ 5 ರೂಪಾಯಿ: ಹಾಲಿನ ಪ್ರೋತ್ಸಾಹಧನವೂ ವರ್ತಕರ ಬಾಕಿ ಪುಸ್ತಕವೂ

ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಬಾಗಿಲಿಗೆ ನಸುಕಿನಲ್ಲೇ ಬಂದು ಬೀಳುವ ನಂದಿನಿ ಹಾಲಿನ ಪೊಟ್ಟಣದ ಬೆಲೆಯನ್ನು ಎಲ್ಲರೂ ಬಲ್ಲರು. ಆ ಬೆಲೆಯಲ್ಲಿ ಕಾಣಿಸಿಕೊಳ್ಳದ ಮೊತ್ತವೊಂದಿದೆ. ಅದು ರಾಜ್ಯ ಸರ್ಕಾರವು ಹಾಲು ಉತ್ಪಾದಕರಿಗೆ ನೀಡುವ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಈ ನೆರವು 2013ರಲ್ಲಿ 4 ರೂಪಾಯಿಗೂ, ಆನಂತರ 5 ರೂಪಾಯಿಗೂ ಏರಿತು. 2023ರ ಚುನಾವಣೆಯ ಕಾಲದಲ್ಲಿ 7 ರೂಪಾಯಿಯ ಭರವಸೆ ಕೇಳಿಬಂದಿತಾದರೂ 2025ರಲ್ಲೂ ದರ 5 ರೂಪಾಯಿಯೇ ಆಗಿತ್ತು.

ಹಳ್ಳಿಯ ಸಹಕಾರ ಸಂಘದಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲನ್ನು ಅಳೆದು, ಜಿಡ್ಡಿನಂಶ ಹಾಗೂ ಜಿಡ್ಡೇತರ ಘನಾಂಶವನ್ನು ಪರೀಕ್ಷಿಸಿ ಲೆಕ್ಕ ಬರೆಯಲಾಗುತ್ತದೆ. ಹಾಲಿನ ಬೆಲೆಯನ್ನು ಒಕ್ಕೂಟವು ಸಂಘದ ಮೂಲಕ ಪಾವತಿಸುತ್ತದೆ. ಪ್ರೋತ್ಸಾಹಧನವಾದರೋ ಸರ್ಕಾರದ ಬೊಕ್ಕಸದಿಂದ ಹೊರಟು ಉತ್ಪಾದಕನ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗತಕ್ಕದ್ದು. ಎರಡೂ ಒಂದೇ ಹಾಲಿನ ಹಣವಾದರೂ ಎರಡು ಬೇರೆ ದಾರಿಗಳಲ್ಲಿ ಬರುತ್ತವೆ, ತೊಡಕಿರುವುದು ಅಲ್ಲಿಯೇ. ಮೊದಲನೆಯದು ಬಹುಮಟ್ಟಿಗೆ ಸಮಯಕ್ಕೆ ಬರುತ್ತದೆ. ಎರಡನೆಯದು ಆಯವ್ಯಯದ ಅನುದಾನ ಬಿಡುಗಡೆಯನ್ನು ಕಾಯುತ್ತದೆ. ತಿಂಗಳುಗಟ್ಟಲೆ ಬಾಕಿ ಉಳಿದ ನಿದರ್ಶನಗಳೂ ಉಂಟು.

ಡೇರಿ ವೃತ್ತದ ಬಳಿಯ ಬೆಂಗಳೂರು ಹಾಲು ಒಕ್ಕೂಟಕ್ಕೆ ಆನೇಕಲ್, ಕನಕಪುರ ಮೊದಲಾದ ತಾಲ್ಲೂಕುಗಳಿಂದ ಹಾಲು ಬರುತ್ತದೆ. ಆ ತಾಲ್ಲೂಕುಗಳೊಡನೆ ವ್ಯವಹರಿಸುವ ಪಶು ಆಹಾರದ ವರ್ತಕರೂ, ಹಾಲಿನ ಕ್ಯಾನ್, ಮೇವು ಕತ್ತರಿಸುವ ಯಂತ್ರ, ರಬ್ಬರ್ ಹಾಸುಗಳ ತಯಾರಕರೂ ನಮ್ಮ ದಕ್ಷಿಣ ಬಡಾವಣೆಗಳಲ್ಲಿದ್ದಾರೆ. ಅವರಿಗೆ ಇದು ದೂರದ ಕೃಷಿ ವಿಷಯವಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 10 ಲೀಟರ್ ಹಾಲು ಹಾಕುವ ಕುಟುಂಬಕ್ಕೆ ತಿಂಗಳಿಗೆ ಸಲ್ಲಬೇಕಾದ ಪ್ರೋತ್ಸಾಹಧನ 1,500 ರೂಪಾಯಿ. ಆರು ತಿಂಗಳು ನಿಂತರೆ 9,000 ರೂಪಾಯಿ. ಹಸು ಮಾತ್ರ ಅನುದಾನ ಬರಲೆಂದು ಕಾಯುವುದಿಲ್ಲ. ಹಿಂಡಿ, ಬೂಸಾ ನಿತ್ಯವೂ ಬೇಕು. ಆದ್ದರಿಂದ ಮೂಟೆ ಸಾಲಕ್ಕೆ ಹೋಗುತ್ತದೆ. ಇಂತಹ ನೂರು ಗಿರಾಕಿಗಳು ಅಷ್ಟೇ ಮೊತ್ತವನ್ನು ಬಾಕಿ ಉಳಿಸಿಕೊಂಡರೆ ಅಂಗಡಿಯ 9 ಲಕ್ಷ ರೂಪಾಯಿ ಸಿಕ್ಕಿಬೀಳುತ್ತದೆ. ವಾರ್ಷಿಕ ಶೇ. 12ರ ಬ್ಯಾಂಕ್ ಬಡ್ಡಿಯಂತೆ ತಿಂಗಳೊಂದಕ್ಕೆ 9,000 ರೂಪಾಯಿ ವರ್ತಕನ ಕೈಬಿಡುತ್ತದೆ. ಸರ್ಕಾರ ಘೋಷಿಸಿದ ನೆರವಿನ ಬಡ್ಡಿಯನ್ನು ಅಂಗಡಿಯವನು ಹೊರುವ ಈ ವ್ಯವಸ್ಥೆಯನ್ನು ಯಾವ ಆದೇಶವೂ ರೂಪಿಸಿದ್ದಲ್ಲ, ತಾನಾಗಿಯೇ ಬೆಳೆದದ್ದು.

ಈ ನೆರವು ಸಹಕಾರ ಸಂಘಗಳಿಗೆ ಹಾಲು ಹಾಕುವವರಿಗೆ ಮಾತ್ರ ದೊರೆಯುತ್ತದೆ ಎಂಬುದೂ ಗಮನಾರ್ಹ. ಖಾಸಗಿ ಡೇರಿಯು ಉತ್ಪಾದಕನನ್ನು ಸೆಳೆಯಬೇಕಾದರೆ ಒಕ್ಕೂಟದ ದರಕ್ಕೆ 5 ರೂಪಾಯಿ ಸೇರಿಸಿ ಪೈಪೋಟಿ ನಡೆಸಬೇಕು. ಆದರೆ ಪ್ರೋತ್ಸಾಹಧನ ತಡವಾದಷ್ಟೂ, ಕೈಯಲ್ಲಿ ನಗದು ಎಣಿಸುವ ಖಾಸಗಿ ಖರೀದಿದಾರನ ಮೂರೋ ನಾಲ್ಕೋ ರೂಪಾಯಿಯೇ ಹೆಚ್ಚಾಗಿ ಕಾಣುತ್ತದೆ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಮಾರಾಟ ದರ ಲೀಟರಿಗೆ 4 ರೂಪಾಯಿ ಏರಿದಾಗ, ಆ ಹೆಚ್ಚಳವನ್ನು ಉತ್ಪಾದಕರಿಗೇ ತಲುಪಿಸುವುದಾಗಿ ಹೇಳಲಾಯಿತು. ಖರೀದಿ ದರದ ಮೂಲಕ ಬರುವ ಹಣಕ್ಕೆ ಬೊಕ್ಕಸದ ಕಾಯುವಿಕೆಯಿಲ್ಲವಾದ್ದರಿಂದ ವರ್ತಕನ ದೃಷ್ಟಿಯಲ್ಲಿ ಇದೇ ಮೇಲು. ಪ್ರೋತ್ಸಾಹಧನವನ್ನು ಹೆಚ್ಚಿಸಿರೆಂದು ಕೇಳುವುದಕ್ಕಿಂತ, ಇರುವುದನ್ನೇ ಹಾಲಿನ ಬಿಲ್ಲಿನೊಡನೆ ಪಾವತಿಸಿರೆಂದು ಕೇಳುವುದು ನಮ್ಮವರಿಗೆ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ.

ಕ್ಯಾನ್ ತಯಾರಕರಿಗೆ ಒಂದು ಸಮಾಧಾನವುಂಟು. 2025ರ ಸೆಪ್ಟೆಂಬರ್ 22ರಿಂದ ಹಾಲಿನ ಕ್ಯಾನ್‌ಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಪಶು ಆಹಾರದವರಿಗೆ ಇಂತಹ ಅನುಕೂಲವಿಲ್ಲ. ಅವರ ಸರಕಿಗೆ ತೆರಿಗೆಯೇ ಇಲ್ಲದಿರುವುದರಿಂದ ಚೀಲ, ಸಾಗಣೆ ಇತ್ಯಾದಿಗಳಿಗೆ ತೆತ್ತ ತೆರಿಗೆ ಹಿಂದಿರುಗದೆ ವೆಚ್ಚದಲ್ಲೇ ಸೇರುತ್ತದೆ. ಅದರ ಮೇಲೆ ಸಾಲವನ್ನೂ ಕೊಡುವವರು ಸಂಘದ ಹಾಲಿನ ಲೆಕ್ಕದ ಪುಸ್ತಕವನ್ನು ನೋಡಿ, ಮಿತಿಯನ್ನು ಒಕ್ಕೂಟ ಪಾವತಿಸುವ ಮೊತ್ತಕ್ಕೆ ಮಾತ್ರ ನಿಗದಿಪಡಿಸಿ, ಪ್ರೋತ್ಸಾಹಧನವನ್ನು ಖಾತೆಗೆ ಬಂದ ಮೇಲೆಯೇ ಗಣನೆಗೆ ತೆಗೆದುಕೊಳ್ಳುವುದು ಕ್ಷೇಮ.